ರಾತ್ರಿ ಆಮ್ಲಜನಕ ಕೊಡದ ಜೇಡ್ ಗಿಡ

ಚೆನ್ನೈನ ಅಣ್ಣಾ ನಗರದ ಓದುಗರೊಬ್ಬರಿಗೆ ಎರಡು ಸಂದೇಹ. ನರ್ಸರಿಯಿಂದ ಜೇಡ್ ಎಂದು ತಂದ ಗಿಡದ ಎಲೆ ಉಗುರಿನಷ್ಟೇ ಇದೆ, ಕಾಂಡ ಕೆಂಪಗಿದೆ. ಚಿತ್ರಗಳಲ್ಲಿ ಕಾಣುವ ಜೇಡ್ ಹೀಗಿಲ್ಲವಲ್ಲ? ಇನ್ನೊಂದು, ಈ ಗಿಡ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂದು ಮಾರಿದವರು ಹೇಳಿದ್ದು ನಿಜವೆ?

ಮೊದಲನೆಯದು ಸುಲಭ. ಅವರ ಬಾಲ್ಕನಿಯಲ್ಲಿರುವುದು ಪೋರ್ಚುಲಕೇರಿಯಾ ಆಫ್ರಾ, ನಮ್ಮ ಗೋಣಿಸೊಪ್ಪಿನ ದೂರದ ನೆಂಟ. ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಸ್ಪೆಕ್‌ಬೂಮ್ ಎನ್ನುತ್ತಾರೆ, ಆನೆಗಳಿಗೆ ಅಚ್ಚುಮೆಚ್ಚು. ಅಸಲಿ ಜೇಡ್ ಎಂದರೆ ಕ್ರಾಸ್ಯುಲಾ ಓವಾಟಾ. ಅದೂ ಆ ಕಡೆಯದೇ, ಆದರೆ ಕುಟುಂಬ ಬೇರೆ. ಅದರ ಎಲೆ ಮೂರರಿಂದ ಒಂಬತ್ತು ಸೆಂಟಿಮೀಟರ್ ಉದ್ದ, ದಪ್ಪ, ನುಣುಪು. ಬಿಸಿಲಿಗಿಟ್ಟರೆ ಅಂಚು ಕೆಂಪೇರುತ್ತದೆ. ಎಳೆ ಕಾಂಡ ಹಸಿರು. ಸ್ಪೆಕ್‌ಬೂಮ್‌ನ ಎಲೆ ಹುಳಿ, ತಿನ್ನಬಹುದು. ಕ್ರಾಸ್ಯುಲಾ ಮಾತ್ರ ಬೆಕ್ಕು, ನಾಯಿಗಳಿಗೆ ವಿಷ. ಹಾಗಾಗಿ ಯಾವುದು ಯಾವುದೆಂದು ತಿಳಿದಿರುವುದು ಒಳ್ಳೆಯದು.

ಎರಡನೆಯ ಪ್ರಶ್ನೆಗೆ ಉತ್ತರಿಸಲು ಬೆಂಜಮಿನ್ ಹೇನ್ ಅವರನ್ನು ಕರೆತರಬೇಕು. ಟಿಪ್ಪುವಿನ ಪತನದ ನಂತರ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡ ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ಇವರು; 1819ರಲ್ಲಿ ಮದ್ರಾಸಿನಲ್ಲೇ ತೀರಿಕೊಂಡರು. ಕ್ರಾಸ್ಯುಲಾ ಕುಟುಂಬದ್ದೇ ಆದ ಕಾಡುಬಸಳೆಯ ಎಲೆಯನ್ನು ಹೇನ್ ಬೇರೆಬೇರೆ ಹೊತ್ತಿನಲ್ಲಿ ಅಗಿದು ನೋಡಿದರು. ಬೆಳಿಗ್ಗೆ ಕಡುಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ತುಸು ಕಹಿ! 1813ರಲ್ಲಿ ಅವರು ಇದನ್ನು ಕಾಗದದಲ್ಲಿ ಬರೆದು ತಿಳಿಸಿದರು; ಲಂಡನ್ನಿನ ಲಿನಿಯನ್ ಸೊಸೈಟಿ ಅದನ್ನು ಪ್ರಕಟಿಸಿತು. ಪ್ರಯೋಗಕ್ಕೆ ಬಳಸಿದ ಉಪಕರಣ ಒಂದೇ, ನಾಲಿಗೆ.

ಆ ಹುಳಿಯ ಗುಟ್ಟು ಬಿಡಿಸಲು ಮುಂದಿನ ಶತಮಾನವೇ ಬರಬೇಕಾಯಿತು. ಚೆನ್ನೈನಲ್ಲಿ ಬೇಸಿಗೆ ಕಂಡವರಿಗೆ ಅದನ್ನು ವಿವರಿಸುವುದು ಕಷ್ಟವಲ್ಲ. ನೀರು ಬಂದ ಹೊತ್ತಿಗೆ ಮನೆಯ ಪ್ಲಾಸ್ಟಿಕ್ ಕೊಡಗಳನ್ನೆಲ್ಲ ತುಂಬಿಟ್ಟು, ದಿನವಿಡೀ ಅದರಲ್ಲೇ ಸುಧಾರಿಸುತ್ತಾರೆ. ಕಾಡುಬಸಳೆ, ಜೇಡ್, ಸ್ಪೆಕ್‌ಬೂಮ್‌ನಂಥ ಗಿಡಗಳು ತುಂಬಿಕೊಳ್ಳುವುದು ಇಂಗಾಲದ ಡೈಆಕ್ಸೈಡನ್ನು. ಹಗಲಲ್ಲಿ ಎಲೆಯ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆ. ಅದಕ್ಕೇ ರಾತ್ರಿಯ ತಂಪಿನಲ್ಲಿ ತೆರೆದು ಅನಿಲವನ್ನು ಒಳಗೆಳೆಯುತ್ತವೆ. ಅದು ಮ್ಯಾಲಿಕ್ ಆಮ್ಲವಾಗಿ ಜೀವಕೋಶದ ರಸದಾನಿಯೆಂಬ ಕೊಡದಲ್ಲಿ ಶೇಖರವಾಗುತ್ತದೆ. ಬೆಳಗಾದಾಗ ಕೊಡ ತುಂಬಿರುತ್ತದೆ, ಎಲೆ ಹುಳಿ. ಬಿಸಿಲು ಬಂದ ಮೇಲೆ ರಂಧ್ರ ಮುಚ್ಚಿ, ಆಮ್ಲದಿಂದ ಅನಿಲವನ್ನು ಬಿಡಿಸಿ ಸಕ್ಕರೆ ತಯಾರಿಸುತ್ತವೆ. ಸಂಜೆಗೆ ಕೊಡ ಖಾಲಿ, ಹುಳಿ ಮಾಯ.

ಈಗ ಆಮ್ಲಜನಕದ ವಿಷಯ. ಅದು ಹೊರಬರುವುದು ಬೆಳಕಿನ ಬಲದಿಂದ ನೀರಿನ ಅಣು ಸೀಳಿದಾಗ. ಕತ್ತಲಲ್ಲಿ ಆ ಕೆಲಸ ನಡೆಯದು. ರಾತ್ರಿ ಈ ಗಿಡ ಇಂಗಾಲದ ಡೈಆಕ್ಸೈಡ್ ಹೀರುತ್ತದೆ ಎಂಬುದು ನಿಜ. ಅದಕ್ಕೆ ಪ್ರತಿಯಾಗಿ ಆಮ್ಲಜನಕ ಕೊಡುತ್ತದೆ ಎಂಬುದು ಮಾರಾಟದ ಮಾತು. ನಮ್ಮಂತೆ ಅದೂ ಆಗ ಆಮ್ಲಜನಕವನ್ನು ಬಳಸುತ್ತಿರುತ್ತದೆ. ಮಲಗುವ ಕೋಣೆಗೆ ಗಾಳಿ ಬೇಕೆಂದರೆ ಕಿಟಕಿ ತೆರೆಯುವುದೇ ದಾರಿ.

ಹೇನ್ ಪ್ರಯೋಗವನ್ನು ನಮ್ಮ ಓದುಗರೂ ಮಾಡಬಹುದು, ಗಿಡಕ್ಕೆ ಔಷಧಿ ಸಿಂಪಡಿಸಿಲ್ಲ ಎಂಬ ಖಾತ್ರಿ ಇದ್ದರೆ. ಆದರೆ ಅದಕ್ಕೆ ಮೊದಲು ಕೆಲವು ವಾರ ನೀರು ಕಡಿಮೆ ಮಾಡಬೇಕು. ಸ್ಪೆಕ್‌ಬೂಮ್ ಜಾಣ ಗಿಡ: ನೀರು ಧಾರಾಳವಾಗಿದ್ದರೆ ಬೇರೆ ಗಿಡಗಳಂತೆ ಹಗಲಲ್ಲೇ ರಂಧ್ರ ತೆರೆಯುತ್ತದೆ, ಬಾಯಾರಿದಾಗಷ್ಟೇ ರಾತ್ರಿಪಾಳಿಗೆ ಇಳಿಯುತ್ತದೆ.