ಹತ್ತು ಲಕ್ಷದ ನಾಣ್ಯ, ತಾತನ ಡಬ್ಬಿ

“ತಾತಾ, ಅಪ್ಪನ ಮನೆ ಸಾಲ ಪೂರ್ತಿ ತೀರಿಹೋಗತ್ತೆ!”

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮೊಮ್ಮಗಳು ಅಮೂಲ್ಯ ಹೀಗೆ ಕೂಗುತ್ತಾ ಜಗಲಿಗೆ ಓಡಿಬಂದಳು. ಆಗಷ್ಟೇ ಆರನೇ ತರಗತಿ ಮುಗಿಸಿದ್ದ ಹುಡುಗಿ. ಒಂದು ಕೈಯಲ್ಲಿ ಅಜ್ಜಿಯ ಮೊಬೈಲು, ಇನ್ನೊಂದು ಮುಷ್ಟಿಯಲ್ಲಿ ಐದು ರೂಪಾಯಿಯ ನಾಣ್ಯ. ಮುಷ್ಟಿ ಬಿಚ್ಚಿ ತೋರಿಸಿದಳು. ಮಾತಾ ವೈಷ್ಣೋದೇವಿ ದೇಗುಲ ಮಂಡಳಿಯ ಬೆಳ್ಳಿಹಬ್ಬದ ನೆನಪಿಗೆ ಬಂದಿದ್ದ, 2012ನೇ ಇಸವಿಯ ನಾಣ್ಯ. “ಇದು ನಿಮ್ಮ ಮನೆಯಲ್ಲಿದ್ದರೆ ಹತ್ತು ಲಕ್ಷ ರೂಪಾಯಿ ನಿಮ್ಮದು” ಎಂದು ಮೊಬೈಲಿನ ವಿಡಿಯೊದಲ್ಲಿ ಯಾರೋ ಹೇಳುತ್ತಿದ್ದ.

ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳ ಅಜ್ಜಿಯೂ ಹೊರಗೆ ಬಂದಳು. ಅಜ್ಜಿ, ಮೊಮ್ಮಗಳು ಸೇರಿ ಆ ನಂಬರಿಗೆ ಆಗಲೇ ಫೋನು ಮಾಡಿಬಿಟ್ಟಿದ್ದರು! ಆ ಕಡೆಯವನು ಬಹಳ ವಿನಯವಾಗಿ, “ಅಮ್ಮಾ, ನಿಮ್ಮ ನಾಣ್ಯ ಆಯ್ಕೆಯಾಗಿದೆ. ನೋಂದಣಿಗೆ ಅಂತ 1,950 ರೂಪಾಯಿ ಕಳಿಸಿ. ಸಂಜೆಯೊಳಗೆ ದುಡ್ಡು ನಿಮ್ಮ ಖಾತೆಗೆ ಬರುತ್ತೆ” ಅಂದಿದ್ದನಂತೆ. ಅಜ್ಜಿ ಬೀರುವಿನಿಂದ ಹಣ ತೆಗೆದೂ ಆಗಿತ್ತು.

“ಅಲ್ಲ ಕಣೇ, ಹತ್ತು ಲಕ್ಷ ಕೊಡೋನು ನಮ್ಮಿಂದ ಎರಡು ಸಾವಿರ ಯಾಕೆ ಕೇಳ್ತಾನೆ? ಅದನ್ನ ಮುರ್ಕೊಂಡು ಉಳಿದದ್ದನ್ನ ಕೊಡಲಿ” ಅಂದೆ.

ಅಜ್ಜಿಗೆ ಇದು ಸರಿ ಅನ್ನಿಸಿತು. ಮತ್ತೆ ಫೋನು ಮಾಡಿ ಹಾಗೆಯೇ ಕೇಳಿದಳು. ಆ ಕಡೆಯಿಂದ ಕರೆ ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಆ ನಂಬರು ಎತ್ತಲಿಲ್ಲ.

ಅಮೂಲ್ಯಳ ಮುಖ ಚಿಕ್ಕದಾಯಿತು. “ಹಾಗಾದ್ರೆ ಇದರ ಬೆಲೆ ಎಷ್ಟು ತಾತ?”

“ಐದು ರೂಪಾಯಿ ಪುಟ್ಟಿ.”

ಅವಳ ಕಣ್ಣು ತುಂಬಿತು. ಸಾಲದ ಮಾತನ್ನು ದೊಡ್ಡವರು ಮೆಲ್ಲಗೆ ಆಡಿಕೊಂಡರೂ ಮಕ್ಕಳ ಕಿವಿಗೆ ಬಿದ್ದೇ ಇರುತ್ತದೆ. ನಾನು ಎದ್ದು ಒಳಗೆ ಹೋಗಿ, ಅಟ್ಟದ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ಇಳಿಸಿ ತಂದೆ.

ಒಂದು ರೂಪಾಯಿಯಲ್ಲಿ ನೆಹರು

ಡಬ್ಬಿಯಿಂದ ಮೊದಲು ತೆಗೆದದ್ದು 1964ರ ಒಂದು ರೂಪಾಯಿ. ಆ ವರ್ಷ ಮೇ 27ರಂದು ನಮ್ಮ ಮೊದಲ ಪ್ರಧಾನಿ ಜವಾಹರಲಾಲ್ ನೆಹರು ತೀರಿಕೊಂಡರು. ಅವರ ನೆನಪಿಗಾಗಿ ಸರ್ಕಾರ ಒಂದು ರೂಪಾಯಿ ಮತ್ತು 50 ಪೈಸೆ ನಾಣ್ಯಗಳನ್ನು ಹೊರತಂದಿತು. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯಗಳು ಅವೇ. ಒಂದು ಕಡೆ ನೆಹರು ಅವರ ಮುಖ, ಜೊತೆಗೆ 1889–1964 ಎಂಬ ಇಸವಿಗಳು. 50 ಪೈಸೆಯಲ್ಲಂತೂ ಎರಡು ಬಗೆ: ಒಂದರಲ್ಲಿ ಹೆಸರು ಇಂಗ್ಲಿಷಿನಲ್ಲಿ, ಇನ್ನೊಂದರಲ್ಲಿ ಹಿಂದಿಯಲ್ಲಿ.

ಆಗ ನನಗೆ ಒಂಬತ್ತು ವರ್ಷ. ನಮ್ಮಪ್ಪ ಸಂತೆಯಿಂದ ಬಂದವರು ಜೇಬಿನಿಂದ ಈ ನಾಣ್ಯ ತೆಗೆದು ನನ್ನ ಅಂಗೈ ಮೇಲಿಟ್ಟು, “ಖರ್ಚು ಮಾಡಬೇಡ, ಇಟ್ಟುಕೋ” ಎಂದಿದ್ದರು. ಒಂದು ರೂಪಾಯಿ ಅಂದರೆ ಆಗ ಸಣ್ಣ ದುಡ್ಡಲ್ಲ. ಅಪ್ಪ ಏನನ್ನಾದರೂ ಇಟ್ಟುಕೋ ಎಂದು ಕೊಟ್ಟದ್ದು ನನ್ನ ನೆನಪಿನಲ್ಲಿ ಅದೊಂದೇ.

ಮಕ್ಕಳೇ, ಮಾಮೂಲಿ ನಾಣ್ಯಕ್ಕೂ ಸ್ಮಾರಕ ನಾಣ್ಯಕ್ಕೂ ಇರುವ ವ್ಯತ್ಯಾಸ ಇಷ್ಟೇ. ಎರಡರಲ್ಲೂ ಒಂದು ಮುಖದಲ್ಲಿ ಅಶೋಕ ಸ್ತಂಭದ ಸಿಂಹಗಳಿರುತ್ತವೆ. ಸ್ಮಾರಕ ನಾಣ್ಯದ ಇನ್ನೊಂದು ಮುಖದಲ್ಲಿ ಒಬ್ಬ ವ್ಯಕ್ತಿ, ಒಂದು ಸಂಸ್ಥೆ ಅಥವಾ ಒಂದು ಘಟನೆಯ ನೆನಪು ಇರುತ್ತದೆ. ಚಲಾವಣೆಗೆ ಬಿಟ್ಟದ್ದಾದರೆ ಅಂಗಡಿಯಲ್ಲಿ ಅದರ ಬೆಲೆ ಮಾತ್ರ ಬೇರೆ ನಾಣ್ಯದಷ್ಟೇ.

ಚಿನ್ನದ ಆಸೆ

ಎರಡನೆಯದು ಹಳದಿ ಬಣ್ಣದ 20 ಪೈಸೆ. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಗೆ 20 ಪೈಸೆ, 50 ಪೈಸೆ, ಒಂದು ರೂಪಾಯಿ ಮತ್ತು ಹತ್ತು ರೂಪಾಯಿ ನಾಣ್ಯಗಳು ಬಂದವು.

“ಇದರ ಮುಖ ಯಾಕೆ ಹೀಗೆ ಗೀರುಗೀರಾಗಿದೆ?” ಎಂದು ಅಮೂಲ್ಯ ಕೇಳಿದಳು.

ನಾನು ನಿಜ ಹೇಳಲೇಬೇಕಾಯಿತು. ಈ ಹಳದಿ ನಾಣ್ಯದಲ್ಲಿ ಚಿನ್ನ ಬೆರೆತಿದೆ ಎಂದು ಆಗ ನಮ್ಮ ಬೀದಿಯಲ್ಲೆಲ್ಲ ಮಾತು ಹಬ್ಬಿತ್ತು. ಹೈಸ್ಕೂಲು ಹುಡುಗನಾಗಿದ್ದ ನಾನು ಅಮ್ಮನಿಗೆ ಗೊತ್ತಾಗದಂತೆ ಅಡುಗೆಮನೆಯಿಂದ ಹುಣಸೆಹಣ್ಣು, ಒಲೆಯ ಬೂದಿ ತಂದು, ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿದೆ. ನಾಣ್ಯ ಥಳಥಳ ಹೊಳೆಯಿತು. ಒಂದು ವಾರ ಚಿನ್ನವೇ ಸಿಕ್ಕಿತೆಂದು ಬೀಗಿದೆ. ಆಮೇಲೆ ಹೊಳಪು ಹೋಯಿತು, ಗೀರು ಉಳಿಯಿತು. ಅದು ಅಲ್ಯೂಮಿನಿಯಂ ಬೆರೆತ ಕಂಚು. ಚಿನ್ನದ ಗಂಧವೂ ಅದರಲ್ಲಿ ಇರಲಿಲ್ಲ.

“ಅಂದ್ರೆ ನೀವೂ ನನ್ನ ಹಾಗೇ ಮೋಸ ಹೋಗಿದ್ರಾ?” ಎಂದು ಅವಳು ನಕ್ಕಳು. ಅಷ್ಟು ಹೊತ್ತಿನ ಬೇಸರ ಅಲ್ಲಿಗೆ ಕರಗಿತು.

ಗಾಂಧಿ ಶತಾಬ್ದಿಯ ಹತ್ತು ರೂಪಾಯಿ ಮಾತ್ರ ನಿಜವಾಗಿ ಬೆಳ್ಳಿಯದು. 15 ಗ್ರಾಂ ತೂಕದಲ್ಲಿ ಶೇ 80ರಷ್ಟು ಬೆಳ್ಳಿ. ಅಜ್ಜ ಅಜ್ಜಿಯರೇ, ನಿಮ್ಮ ದೇವರ ಪೆಟ್ಟಿಗೆಯಲ್ಲೋ ಹಳೆಯ ಟ್ರಂಕಿನಲ್ಲೋ ಅದು ಇದ್ದರೂ ಇರಬಹುದು. ಒಮ್ಮೆ ನೋಡಿ.

ನಾಣ್ಯ ಹೇಳುವ ದೇಶದ ಚಿಂತೆ

ಡಬ್ಬಿಯಲ್ಲಿದ್ದ ನಾಣ್ಯಗಳನ್ನು ಇಸವಿಯ ಪ್ರಕಾರ ಚಾಪೆಯ ಮೇಲೆ ಸಾಲಾಗಿ ಇಟ್ಟೆವು. ಆಗ ಒಂದು ವಿಷಯ ಕಂಡಿತು. ಪ್ರತಿ ನಾಣ್ಯವೂ ಆ ಕಾಲದಲ್ಲಿ ದೇಶಕ್ಕೆ ಏನು ಚಿಂತೆ, ಏನು ಸಂತೋಷ ಇತ್ತು ಎಂದು ಹೇಳುತ್ತಿತ್ತು.

1973ರ 50 ಪೈಸೆ ‘ಹೆಚ್ಚು ಆಹಾರ ಬೆಳೆಯಿರಿ’ ಎನ್ನುತ್ತದೆ. 1974ರ ಹತ್ತು ಪೈಸೆಯಲ್ಲಿ ಯೋಜಿತ ಕುಟುಂಬದ ಮಾತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷದ ಚೌಕಾಕಾರದ ಐದು ಪೈಸೆಯಲ್ಲಿ ‘ಸಂತಸದ ಮಗು, ನಾಡಿನ ಹೆಮ್ಮೆ’ ಎಂಬ ಅರ್ಥದ ಬರಹವಿದೆ. ಅಂಗೈ ಮೇಲಿಟ್ಟರೆ ತೂಕವೇ ಗೊತ್ತಾಗದಷ್ಟು ಹಗುರ.

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ‘ಅಪ್ಪು’ ಎಂಬ ಪುಟ್ಟ ಆನೆ ಅದರ ಲಾಂಛನವಾಗಿದ್ದದ್ದು ಆಗಿನ ಮಕ್ಕಳಿಗೆ, ಅಂದರೆ ಈಗಿನ ನಿಮ್ಮ ಅಪ್ಪ ಅಮ್ಮಂದಿರಲ್ಲಿ ಕೆಲವರಿಗೆ, ಈಗಲೂ ನೆನಪಿದ್ದೀತು. ಎರಡು ರೂಪಾಯಿಯ ನಾಣ್ಯ ನಮ್ಮ ಕೈಗೆ ಬಂದದ್ದು ಆ ವರ್ಷವೇ. ಹಾಗೆಯೇ ಇಂದಿರಾ ಗಾಂಧಿಯವರ ಸ್ಮರಣೆಗೆ 1985ರಲ್ಲಿ ಐದು ರೂಪಾಯಿಯ ನಾಣ್ಯ ಬಂತು.

2003ರ ಎರಡು ರೂಪಾಯಿಯನ್ನು ಅಮೂಲ್ಯ ಕೆಳಗೆ ಇಡಲೇ ಇಲ್ಲ. ಭಾರತೀಯ ರೈಲ್ವೆಗೆ 150 ವರ್ಷ ತುಂಬಿದ ನೆನಪಿನ ಆ ನಾಣ್ಯದಲ್ಲಿ ಕೈಯಲ್ಲಿ ಲಾಟೀನು ಹಿಡಿದು ನಿಂತ ಗಾರ್ಡ್ ಆನೆ ಇದೆ. ಅದರ ಹೆಸರು ಭೋಲು. ಪಕ್ಕದಲ್ಲಿಟ್ಟದ್ದು 2006ರ ಐದು ರೂಪಾಯಿ. ಅದು ನಮ್ಮ ಬಸವಣ್ಣನವರ ನೆನಪಿನದು. ಅದನ್ನು ಕಂಡು ಅಜ್ಜಿ, “ಇದು ನನ್ನ ಪರ್ಸಿನಿಂದ ತೆಗೆದದ್ದಲ್ವಾ? ನನಗೆ ಹೇಳಲೇ ಇಲ್ಲ ನೀವು” ಎಂದು ಹಳೆಯ ಲೆಕ್ಕ ತೆಗೆದಳು!

ಹೊಸ ಕಾಲದ್ದೂ ಇವೆ. ಹುಲಿ ಯೋಜನೆಗೆ 50 ವರ್ಷ ತುಂಬಿದಾಗ, 2023ರ ಏಪ್ರಿಲ್ 9ರಂದು, 50 ರೂಪಾಯಿಯ ಸ್ಮಾರಕ ನಾಣ್ಯ ಬಿಡುಗಡೆಯಾದದ್ದು ನಮ್ಮ ಮೈಸೂರಿನಲ್ಲೇ.

ಬೆಲೆಯಲ್ಲೇ ಒಗಟು

50 ವರ್ಷಕ್ಕೆ 50 ರೂಪಾಯಿ ಎಂದದ್ದನ್ನು ಗಮನಿಸಿದಿರಾ? ಸ್ಮಾರಕ ನಾಣ್ಯಗಳಲ್ಲಿ ಇಂಥ ಜಾಣತನ ಆಗಾಗ ಕಾಣುತ್ತದೆ. ಟ್ಯಾಗೋರರ 150ನೇ ಜಯಂತಿಗೆ 150 ರೂಪಾಯಿ. ಅಂಬೇಡ್ಕರರ 125ನೇ ಜಯಂತಿಗೆ 125 ರೂಪಾಯಿ. ಗುರುನಾನಕರ 550ನೇ ಜಯಂತಿಗೆ 550 ರೂಪಾಯಿ. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿತೆಂದು ಒಂದು ಸಾವಿರ ರೂಪಾಯಿಯ ನಾಣ್ಯ!

ಇಂಥ ದೊಡ್ಡ ನಾಣ್ಯಗಳು ಅಂಗಡಿಯ ಚಿಲ್ಲರೆಯಲ್ಲಿ ಸಿಗುವುದಿಲ್ಲ. ಸಂಗ್ರಹಕಾರರಿಗೆಂದೇ ಸರ್ಕಾರದ ಟಂಕಸಾಲೆಗಳು ಇವನ್ನು ಪೆಟ್ಟಿಗೆಯಲ್ಲಿಟ್ಟು ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಮಾರುತ್ತವೆ. ಹೊಸ ಸಂಸತ್ ಭವನದ ಉದ್ಘಾಟನೆಗೆ 2023ರಲ್ಲಿ ಬಂದ 75 ರೂಪಾಯಿ ನಾಣ್ಯವನ್ನೇ ನೋಡಿ: 35 ಗ್ರಾಂ ತೂಕ, ಅದರಲ್ಲಿ ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕಲ್ ಮತ್ತು ಸತು.

38 ರೂಪಾಯಿಯ ಆರಂಭ

“ನಾನು ಶುರುಮಾಡಬೇಕಾದ್ರೆ ಎಷ್ಟು ದುಡ್ಡು ಬೇಕು?” ಎಂದಳು ಅಮೂಲ್ಯ.

“ಮೂವತ್ತೆಂಟು ರೂಪಾಯಿ.”

ಅದು ತಮಾಷೆಯಲ್ಲ. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲಾಂಛನವಿರುವ ಒಂದು, ಎರಡು, ಐದು, ಹತ್ತು ಮತ್ತು ಇಪ್ಪತ್ತು ರೂಪಾಯಿ ನಾಣ್ಯಗಳು 2022ರ ಜೂನ್‌ನಲ್ಲಿ ಬಿಡುಗಡೆಯಾದವು. ಕಣ್ಣು ಕಾಣದವರೂ ಮುಟ್ಟಿ ಗುರುತಿಸುವಂತೆ ಅವನ್ನು ರೂಪಿಸಿದ್ದಾರೆ. ಐದನ್ನೂ ಕೂಡಿಸಿದರೆ 38 ರೂಪಾಯಿ. ಮನೆಯ ಚಿಲ್ಲರೆಯಲ್ಲಿ ಹುಡುಕಿದರೆ ಒಂದೆರಡಾದರೂ ಸಿಗುತ್ತವೆ.

ಸಿಕ್ಕ ನಾಣ್ಯದ ಇಸವಿಯ ಕೆಳಗೆ ಭೂತಗನ್ನಡಿ ಹಿಡಿದು ನೋಡಿ. ಪುಟ್ಟ ವಜ್ರದಾಕಾರ ಇದ್ದರೆ ಅದು ಮುಂಬೈ ಟಂಕಸಾಲೆಯದು. ನಕ್ಷತ್ರ ಇದ್ದರೆ ಹೈದರಾಬಾದಿನದು. ದುಂಡನೆಯ ಚುಕ್ಕೆ ನೋಯ್ಡಾದ ಗುರುತು. ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ್ದು. ಈ ಆಟಕ್ಕೆ ಮಳೆಗಾಲದ ಒಂದು ಭಾನುವಾರ ಸಾಲದು.

ಅಂದಹಾಗೆ, ‘ಈ ಹತ್ತು ರೂಪಾಯಿ ನಡೆಯಲ್ಲ’ ಎಂದು ಕೆಲವು ಅಂಗಡಿಯವರು ತಕರಾರು ಮಾಡುತ್ತಾರಲ್ಲ, ಆ ಗೊಂದಲಕ್ಕೂ ಸ್ಮಾರಕ ನಾಣ್ಯಗಳದ್ದೇ ಒಂದು ಪಾಲು. ಹತ್ತು ರೂಪಾಯಿಯಲ್ಲಿ ಬೇರೆಬೇರೆ ಚಿತ್ರಗಳಿರುವುದರಿಂದ ಜನರಿಗೆ ಅನುಮಾನ. ಆಗಿನ 14 ವಿನ್ಯಾಸಗಳೂ ಚಲಾವಣೆಗೆ ಅರ್ಹ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಕಾಪಾಡುವುದು ಹೇಗೆ?

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಬೆವರು ಕೈಯಿಂದ ಮುಖ ಮುಟ್ಟಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ಪಾತ್ರೆ ತೊಳೆಯುವ ಪುಡಿ ಯಾವುದನ್ನೂ ಹಾಕಿ ತಿಕ್ಕಬೇಡಿ. ನನ್ನ 20 ಪೈಸೆಯ ಕಥೆ ಸಾಕಲ್ಲ! ಮಣ್ಣಾಗಿದ್ದರೆ ಬರೀ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಗೋಂದು, ಟೇಪು ಅಂಟಿಸಬೇಡಿ. ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಯಲ್ಲಿ ವರ್ಷಗಟ್ಟಲೆ ಇಟ್ಟರೆ ನಾಣ್ಯಕ್ಕೆ ಹಸಿರು ಜಿಗುಟು ಹಿಡಿಯುತ್ತದೆ. ಒಣಗಿದ ಜಾಗದಲ್ಲಿಡಿ.

ಎಲ್ಲಕ್ಕಿಂತ ಮುಖ್ಯ, ಪ್ರತಿ ನಾಣ್ಯದ ಜೊತೆ ಒಂದು ಚೀಟಿ ಇಡಿ. ಇಸವಿ, ಸಂದರ್ಭ, ಜೊತೆಗೆ ಅದು ಯಾರಿಂದ, ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ನೆಹರು ಯಾವಾಗ ತೀರಿಕೊಂಡರು ಎಂದು ಪುಸ್ತಕ ಹೇಳುತ್ತದೆ. ನಮ್ಮಪ್ಪ ಸಂತೆಯಿಂದ ಬಂದು ಆ ರೂಪಾಯಿಯನ್ನು ನನ್ನ ಅಂಗೈ ಮೇಲಿಟ್ಟದ್ದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನಾನು ಬರೆದಿಡದಿದ್ದರೆ ಅದು ನನ್ನೊಂದಿಗೇ ಹೋಗುತ್ತದೆ. ಇಷ್ಟು ವರ್ಷ ನಾನೂ ಬರೆದಿರಲಿಲ್ಲ. ಅಂದು ಅಮೂಲ್ಯಳ ಕೈಯಲ್ಲಿ ಬರೆಸಿದೆ.

ಹಾಗಾದರೆ ಬೆಲೆ?

ಕೆಲವು ನಾಣ್ಯಗಳಿಗೆ ಮುಖಬೆಲೆಗಿಂತ ಹೆಚ್ಚು ಬೆಲೆ ಸಿಗುವುದು ನಿಜ. ಎಷ್ಟು ಟಂಕಿಸಿದ್ದರು, ಈಗ ಯಾವ ಸ್ಥಿತಿಯಲ್ಲಿದೆ, ಕೊಳ್ಳುವವರು ಎಷ್ಟು ಮಂದಿ ಎನ್ನುವುದರ ಮೇಲೆ ಅದು ನಿಂತಿದೆ. ಆದರೆ ಚಲಾವಣೆಗೆಂದು ರಾಶಿರಾಶಿ ಟಂಕಿಸಿದ ನಾಣ್ಯಕ್ಕೆ ಯಾರೂ ಲಕ್ಷ ಕೊಡುವುದಿಲ್ಲ.

ತನ್ನ ಹೆಸರು, ಲಾಂಛನ ಬಳಸಿಕೊಂಡು ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಬ್ಯಾಂಕು ಇಂಥ ವ್ಯವಹಾರ ಮಾಡುವುದೂ ಇಲ್ಲ, ಮಾಡಲು ಯಾರಿಗೂ ಅಧಿಕಾರ ಕೊಟ್ಟೂ ಇಲ್ಲ. ನಾಣ್ಯ ಕೊಳ್ಳುವ ನೆಪದಲ್ಲಿ ಮೊದಲು ನಿಮ್ಮಿಂದಲೇ ಹಣ ಕೇಳಿದರೆ ಅದು ಮೋಸ. ಹಣ ಕಳಿಸಿಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ. ಅಜ್ಜ ಅಜ್ಜಿಯರಿಗೆ ಇದನ್ನು ಹೇಳುವ ಕೆಲಸ ಮಕ್ಕಳದು. ಮಕ್ಕಳಿಗೆ ಹೇಳುವ ಕೆಲಸ ಅಜ್ಜ ಅಜ್ಜಿಯರದು.

25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋಯಿತು. ಹಾಗಾಗಿ ನನ್ನ ಗೀರು ಬಿದ್ದ 20 ಪೈಸೆಗೆ ಇಂದು ಒಂದು ಪೆಪ್ಪರಮೆಂಟೂ ಬರುವುದಿಲ್ಲ. ಆದರೆ ಆ ಮಧ್ಯಾಹ್ನ ಮೊಮ್ಮಗಳ ಮುಖದಲ್ಲಿ ನಗು ತಂದದ್ದು ಅದೇ.

ಸಂಜೆ ಮಗ ಕೆಲಸದಿಂದ ಬಂದಾಗ ಅಮೂಲ್ಯ ಎಲ್ಲವನ್ನೂ ವರದಿ ಒಪ್ಪಿಸಿದಳು. ಅವನು ಮಗಳ ತಲೆ ನೇವರಿಸಿ, “ಸಾಲ ನಾನು ತೀರಿಸ್ತೀನಿ ಮಗಳೇ. ನೀನು ನಾಣ್ಯ ನೋಡ್ಕೋ” ಅಂದ.

ರಜೆ ಮುಗಿಸಿ ಅವರು ಊರಿಗೆ ಹೊರಟ ಮೇಲೆ ಡಬ್ಬಿ ತೆರೆದು ನೋಡಿದೆ. ಹತ್ತು ಲಕ್ಷದ ಆ ಐದು ರೂಪಾಯಿಯೂ ಸಾಲಿನಲ್ಲಿ ಸೇರಿತ್ತು. ಕೆಳಗೆ ದುಂಡಗಿನ ಅಕ್ಷರದ ಚೀಟಿ:

“5 ರೂಪಾಯಿ, 2012. ಅಜ್ಜಿಯ ಪರ್ಸಿನಲ್ಲಿ ಸಿಕ್ಕಿತು. ಬೆಲೆ: ನಮಗೆ 1,950 ರೂಪಾಯಿ ಉಳಿಯಿತು.”