ಒಡೆದಾಗ ಗುಲಾಬಿ, ಬಿಸಿಲಿಗೆ ಮಾಯ!

ರಾಜಸ್ಥಾನದ ಅರಾವಳಿ ಸಾಲಿನ ಕಿಶನ್‌ಗಢದಲ್ಲಿ ನೆಫೆಲೀನ್ ಸಯನೈಟ್ ಎಂಬ ಅಪರೂಪದ ಕ್ಷಾರೀಯ ಅಗ್ನಿಶಿಲೆಯಿದೆ. ನೋಡಲು ಗ್ರಾನೈಟಿನಂತಿದ್ದರೂ ಇದರಲ್ಲಿ ಬೆಣಚುಕಲ್ಲಿನ ಹರಳಿಲ್ಲ. ಸಿಲಿಕಾ ಸಾಲದು, ಸೋಡಿಯಂ ಹೇರಳ. ಇಲ್ಲಿ ಸಿಗುವ ಒಂದು ಬಗೆಯ ಸೋಡಲೈಟ್ ಖನಿಜವನ್ನು ಒಡೆದರೆ ಒಳಮೈ ಕಡುಗುಲಾಬಿ. ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೇ ಆ ಬಣ್ಣ ಮಾಯ! ಎಂಥ ಸೋಜಿಗ!

ಇಂಥ ಶಿಲೆ ಹೆಚ್ಚಾಗಿ ಹುಟ್ಟುವುದು ಖಂಡ ಸೀಳುವಾಗ, ಭೂಚಿಪ್ಪಿನಡಿಯ ಮ್ಯಾಂಟಲ್ ಪದರ ತುಸುವೇ ಕರಗಿದಾಗ. ಹಾಗಿದ್ದರೆ ಖಂಡಗಳು ಡಿಕ್ಕಿ ಹೊಡೆದು ಎದ್ದ ಅರಾವಳಿಯಂಥ ಬೆಟ್ಟಸಾಲಿಗೆ ಇದು ಬಂದದ್ದು ಹೇಗೆ? ಭೂವಿಜ್ಞಾನಿ ಕೆವಿನ್ ಬರ್ಕ್ ಮತ್ತು ಸಂಗಡಿಗರು 2003ರಲ್ಲಿ ಕೊಟ್ಟ ವಿವರಣೆ ನಿಜಕ್ಕೂ ಸೊಗಸಾದದ್ದು: ಸೀಳು ಅಗಲವಾಗಿ ಸಾಗರವಾಯಿತು, ಮುಂದೆ ಆ ಸಾಗರ ಮುಚ್ಚಿಕೊಂಡಾಗ, ದಡದಲ್ಲಿದ್ದ ಹಳೆಯ ಕ್ಷಾರಶಿಲೆ ಒತ್ತಡಕ್ಕೆ ಸಿಕ್ಕಿ ರೂಪಗೆಟ್ಟು, ಖಂಡಗಳ ಬೆಸುಗೆಯಲ್ಲೇ ಉಳಿದುಬಿಟ್ಟಿತು. ಪೂರ್ವಘಟ್ಟದ ಕೊರಾಪುಟ್‌ನಲ್ಲೂ ಇಂಥದೇ ಶಿಲೆಯಿದೆ.