ಡಿಸ್ಕ್ ಹೇಳೋ ಮಾತು ಅರ್ಥ ಆಗ್ಬೇಕಲ್ಲ!

281. ಈ ಅಂಕಿ ನೋಡಿ ನಿಮಗೇನಾದ್ರೂ ಗೊತ್ತಾಯ್ತಾ? ಈಗಿನ ಲ್ಯಾಪ್‌ಟಾಪ್‌ಗಳಲ್ಲಿರೋ ಎನ್‌ವಿಎಂಇ ಡಿಸ್ಕಿನ ಭಾಷೆಯಲ್ಲಿ ಇದರರ್ಥ, ‘ಬರೆದಿಟ್ಟದ್ದನ್ನು ಓದೋಕೆ ಆಗ್ತಿಲ್ಲ’. 280 ಅಂದ್ರೆ ಬರೆಯೋದ್ರಲ್ಲೇ ತೊಂದರೆ. ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ದುಭಾಷಿ ಕೆಲಸ ಮಾಡೋದು ಡ್ರೈವರ್ ಅನ್ನೋ ತಂತ್ರಾಂಶ. ದುಭಾಷಿಯೇ ಅಂಕಿ ಒಪ್ಪಿಸಿ ಸುಮ್ಮನಾದರೆ?

2022ರಲ್ಲಿ ಬಂದ ಲಿನಕ್ಸ್ 5.18ರಲ್ಲಿ ಇದಕ್ಕೊಂದು ಸೌಲಭ್ಯ ಸೇರಿತು. ಯಾವ ಕೆಲಸ ಕೆಟ್ಟಿತು, ಡಿಸ್ಕಿನ ಯಾವ ಜಾಗದಲ್ಲಿ, ಏಕೆ ಅನ್ನೋದನ್ನ ಡ್ರೈವರ್ ಪದಗಳಲ್ಲೇ ಬರೆಯುತ್ತೆ. ಪಕ್ಕದಲ್ಲಿ ಅಂಕಿಯೂ ಇರುತ್ತೆ. ಇರಲೇಬೇಕು, ನಮ್ಮಂಥವರು ಹುಡುಕೋದು ಅದನ್ನೇ. ಪದಪಟ್ಟಿಗೆ ಸುಮಾರು 4 ಕೆಬಿ ಜಾಗ ಹೆಚ್ಚು ಬೇಕು ಅಂತ ಇದನ್ನ ಬೇಕಾದವರಷ್ಟೇ ಸೇರಿಸಿಕೊಳ್ಳೋ ಹಾಗೆ ಇಟ್ಟಿದ್ದಾರೆ. ನನಗದು ಜಿಪುಣತನ ಅನ್ಸುತ್ತೆ.

ಈಚೆಗೆ ಸಂತೆಬಾಚಹಳ್ಳಿಗೆ ಹೋಗಿದ್ದಾಗ ಮದುವೆ ಫೋಟೋ ತೆಗೆಯೋ ಅಣ್ಣ ಒಬ್ಬರು ಲ್ಯಾಪ್‌ಟಾಪ್ ತಂದರು. ವಿಂಡೋಸ್ ತೆರೀತಿರಲಿಲ್ಲ.

“ಫಾರ್ಮ್ಯಾಟ್ ಮಾಡ್ಸು ಅಂತಾವ್ರೆ. ಮಾಡ್ಸ್‌ಬುಡ್ಲೇನಪ್ಪ?”

ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿ ನೋಡಿದೆ. ಓದಲಾಗದ ದೋಷ ಅಂತ ಸಾಲುಸಾಲು ಬರೆದಿತ್ತು, ಎಲ್ಲಾ ಒಂದೇ ಆಸುಪಾಸಿನ ಜಾಗ. “ಬೇಡಣ್ಣ, ಮೊದ್ಲು ಕಾಪಿ ಮಾಡ್ಕೊಳ್ಳೋಣ” ಅಂದೆ. ಎರಡು ಮದುವೆಯ ಆಲ್ಬಂ ಅವರಿನ್ನೂ ಕೊಟ್ಟಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ಕೂತೆವು. ಒಂದು ಮದುವೆಯ ಹದಿನಾಲ್ಕು ಫೋಟೋ ಬರಲೇ ಇಲ್ಲ. ಮಿಕ್ಕಿದ್ದೆಲ್ಲ ಬಂತು.